ಅಲಸಂದೆ ಕಾಳು ಹಾಕಿಸಿ ಬೀಡಿ ಸೇದುವವರನ್ನು ಎಣಿಸಿದ ನನ್ನ ಅನುಭವ

ನಮ್ಮ ಭಾಗದ ಹಳ್ಳಿಗಳ ವಯಸ್ಕರಲ್ಲಿ ಬೀಡಿ ಸಿಗರೇಟು ಸೇದುವವರು ನೂರಕ್ಕೆ ಎಷ್ಟು ಮಂದಿ ಎಂಬ ಒಂದು ಅಂಕಿಗಾಗಿ ನಾನು ಹೆಚ್ಚುಕಡಿಮೆ ಎರಡು ವರ್ಷ ಓಡಾಡಿದ್ದೇನೆ, ಎರಡೂವರೆ ಲಕ್ಷ ರೂಪಾಯಿಯಷ್ಟು ಹಣ ಕರಗಿಸಿದ್ದೇನೆ. ಎರಡು ಸಲ ಸೋತೆ, ಮೂರನೆಯ ಸಲ ಲೆಕ್ಕ ಕೈಗೆ ಹತ್ತಿತು. ಗುಟ್ಟಾಗಿ ಚೀಲಕ್ಕೆ ಕಾಳು ಹಾಕಿಸಿ ಎಣಿಸುವ ಈ ವಿಧಾನ ಹಳ್ಳಿಯಲ್ಲಿ ನಡೆಯುವುದಿಲ್ಲ ಎಂದು ನನಗಿಂತ ಹೆಚ್ಚು ಓದಿದವರು ಸಭೆಯಲ್ಲಿ ಎಲ್ಲರೆದುರು ಹೇಳಿದ್ದರು. ನಡೆಯಿತು ಎಂದು ತಿಳಿಸುವುದಕ್ಕೂ, ಮುಂದೆ ಮಾಡುವವರು ನನ್ನಷ್ಟು ಹಣ ಕಳೆದುಕೊಳ್ಳದಿರಲಿ ಎಂಬುದಕ್ಕೂ ಇದನ್ನು ಬರೆಯುತ್ತಿದ್ದೇನೆ. ಮನೆಪಟ್ಟಿ ಮಾಡುವುದು, ಮಾದರಿ ಆರಿಸುವುದು, ಗಣತಿದಾರರಿಗೆ ತರಬೇತಿ ಕೊಡುವುದು ಇವೆಲ್ಲ ಕ್ಷೇತ್ರದಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುವುದರಿಂದ ಆ ವಿವರಗಳಿಗೆ ಹೋಗುವುದಿಲ್ಲ.

ನಾನು ಕೆಲಸ ಮಾಡಿದ್ದು ಮೈಸೂರು ಜಿಲ್ಲೆಯ ಹೊಗೆಸೊಪ್ಪಿನ ಸೀಮೆಯಲ್ಲಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ಊರುಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಹೊಲದ ಅಂಚಿನಲ್ಲಿ ಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಮನೆ, ಅಂದರೆ ಬ್ಯಾರನ್, ಇಲ್ಲದ ಊರು ಹುಡುಕಬೇಕು. ಅಲ್ಲಿ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ಸೊಪ್ಪು, ಊರಿನವರು ಸೇದುವುದು ಬಹುತೇಕ ಅಂಗಡಿಯಿಂದ ತಂದ ಬೀಡಿ. ರಾಜ್ಯದ ಮಟ್ಟದಲ್ಲಿ ಅಂಕಿಗಳು ಇವೆ. ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಮೊದಲ ಸುತ್ತಿನಲ್ಲಿ, ಅಂದರೆ 2009-10ರಲ್ಲಿ, ಕರ್ನಾಟಕದ 15 ವರ್ಷ ಮೇಲ್ಪಟ್ಟವರಲ್ಲಿ ಶೇ 11.9ರಷ್ಟು ಮಂದಿ ಸೇದುತ್ತಿದ್ದರು. 2016-17ರ ಎರಡನೆಯ ಸುತ್ತಿನಲ್ಲಿ ಅದು ಶೇ 8.8ಕ್ಕೆ ಇಳಿಯಿತು. ಜಗಿಯುವುದು, ನಶ್ಯ ಮುಂತಾದವುಗಳನ್ನೂ ಸೇರಿಸಿದರೆ 28.2ರಿಂದ 22.8ಕ್ಕೆ. ಆ ಸಮೀಕ್ಷೆಯ ಶಿಸ್ತನ್ನು ನಾನು ಗೌರವಿಸುತ್ತೇನೆ. ಆದರೆ ರಾಜ್ಯಕ್ಕೆಂದು ತೆಗೆದ ಮಾದರಿ ತಾಲ್ಲೂಕಿಗೆ ಇಳಿಯುವುದಿಲ್ಲ. ನಮಗೆ ಬೇಕಾಗಿದ್ದುದು ಹದಿನಾಲ್ಕು ಹಳ್ಳಿಗಳ ಲೆಕ್ಕ. ಬೀಡಿ ಬಿಡಿಸುವ ಸಲಹಾ ಕೇಂದ್ರವೊಂದನ್ನು ಅಲ್ಲಿ ತೆರೆಯಬೇಕೆಂದು ನಾವು ಅರ್ಜಿ ಹಾಕಿದಾಗ, ಹಣ ಕೊಡಬೇಕಾದವರು "ನಿಮ್ಮ ಊರುಗಳಲ್ಲಿ ಸೇದುವವರೇ ಕಡಿಮೆ, ಕೇಂದ್ರ ಯಾರಿಗೆ?" ಎಂದು ಕೇಳಿದ್ದರು. ಉಬ್ಬಸದಿಂದ ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡುವ ಗಂಡಸರನ್ನು ಮನೆ ಮನೆಯಲ್ಲಿ ಕಂಡಿದ್ದ ನನಗೆ ಆ ಮಾತು ಸಹಿಸಲಾಗಲಿಲ್ಲ.

ಮೊದಲ ಸುತ್ತಿಗೆ ಹೊರಟದ್ದು 2022ರ ಆಗಸ್ಟ್‌ನಲ್ಲಿ. ಅದೇ ದೊಡ್ಡ ತಪ್ಪು. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ತುಂಬಿ ಹದ ಮಾಡುವ ಕಾಲವದು. ಗಂಡಸರು ಹಗಲು ಹೊಲದಲ್ಲಿ, ರಾತ್ರಿ ಬ್ಯಾರನ್ ಒಲೆಯ ಮುಂದೆ. ನಮ್ಮ ಹುಡುಗರು ಬೆಳಗ್ಗೆ ಹತ್ತಕ್ಕೆ ಮನೆಗೆ ಹೋದರೆ ಸಿಗುವುದು ಮುದುಕರು, ಮಕ್ಕಳು ಮತ್ತು ಕೈಯೆಲ್ಲ ಸೊಪ್ಪಿನ ಅಂಟು ಮೆತ್ತಿಕೊಂಡ ಹೆಂಗಸರು. ದಿನದ ಗುರಿ ಮುಟ್ಟಿಸುವ ಆತುರದಲ್ಲಿ ಹುಡುಗರು ಗಂಡನ ಉತ್ತರವನ್ನು ಹೆಂಡತಿಯಿಂದ, ಮಗನ ಉತ್ತರವನ್ನು ತಾಯಿಯಿಂದ ಬರೆದುಕೊಂಡು ಬಂದರು. ಅದು ನನ್ನ ಗಮನಕ್ಕೆ ಬಂದದ್ದು ಹನ್ನೊಂದನೆಯ ದಿನ. ನಾಲ್ಕುನೂರ ಮೂವತ್ತು ಗಂಡಸರ ಲೆಕ್ಕದಲ್ಲಿ ಸೇದುವವರು ನಲವತ್ತರ ಆಸುಪಾಸು ಇದ್ದರು, ಎಂದರೆ ನೂರಕ್ಕೆ ಒಂಬತ್ತೋ ಹತ್ತೋ. ಅಷ್ಟೇ ಸಂಖ್ಯೆಯ ಹೆಂಗಸರಲ್ಲಿ ಸೊನ್ನೆ. ಗಾಡಿ ಬಾಡಿಗೆ, ಹುಡುಗರ ದಿನಭತ್ಯೆ, ಊಟ ಎಲ್ಲ ಸೇರಿ ಎಂಬತ್ತೈದು ಸಾವಿರ ಖರ್ಚಾಗಿತ್ತು, ತಲೆಗೆ ನೂರು ರೂಪಾಯಿಯ ಹತ್ತಿರ. ಆ ಉತ್ತರಗಳನ್ನು ನಾನು ಬಳಸಲಿಲ್ಲ.

ಆದರೂ ಆ ಸುತ್ತು ಎರಡು ಸಂಗತಿ ಕಲಿಸಿತು. ಒಂದು, ಪದದ ವಿಚಾರ. ನಮ್ಮ ಪ್ರಶ್ನಾವಳಿಯಲ್ಲಿ "ನಿಮಗೆ ಧೂಮಪಾನ ಮಾಡುವ ಅಭ್ಯಾಸವಿದೆಯೇ?" ಎಂದಿತ್ತು. ಒಂದು ಊರಿನಲ್ಲಿ ಎಪ್ಪತ್ತರ ಯಜಮಾನರೊಬ್ಬರು ಜಗಲಿಯ ಮೇಲೆ ಕುಳಿತಿದ್ದರು. ಬಲಗಿವಿಯ ಮೇಲೆ ಅರ್ಧ ಸೇದಿ ಆರಿಸಿದ ಮೋಟು ಬೀಡಿ ಸಿಕ್ಕಿಸಿಕೊಂಡಿದ್ದರು, ಅದರ ಕಪ್ಪಾದ ತುದಿ ನರೆಗೂದಲಿಗೆ ತಾಗಿ ಅಲ್ಲಿ ಮಸಿ ಹಿಡಿದಿತ್ತು. ನಮ್ಮ ಹುಡುಗ ಪ್ರಶ್ನೆ ಓದಿದ. ಅವರು ನೇರವಾಗಿ ಅವನ ಮುಖ ನೋಡಿ "ಇಲ್ಲ ಕಣಪ್ಪ, ಆ ಅಭ್ಯಾಸ ಎಲ್ಲ ನಮಗಿಲ್ಲ" ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಧೂಮಪಾನವೆಂದರೆ ಪಟ್ಟಣದವರ ಸಿಗರೇಟು, ಅಭ್ಯಾಸವೆಂದರೆ ಕುಡಿತದ ಹಾಗೆ ಬಿಡಲಾರದ ಚಟ. ಊಟವಾದ ಮೇಲೆ ಒಂದು ಬೀಡಿ ಹಚ್ಚುವುದು ಅವೆರಡರಲ್ಲಿ ಯಾವುದೂ ಅಲ್ಲ. ಅಂದಿನಿಂದ ನಾನು ಆ ಎರಡೂ ಪದಗಳನ್ನು ಪ್ರಶ್ನೆಯಿಂದ ಕಿತ್ತುಹಾಕಿದೆ. "ಹೋದ ಒಂದು ತಿಂಗಳಲ್ಲಿ ಬೀಡಿ, ಸಿಗರೇಟು, ಚುಟ್ಟ, ಯಾವುದನ್ನಾದರೂ ಒಂದು ದಮ್ಮಾದರೂ ಎಳೆದಿದ್ದೀರಾ?" ಎಂಬುದು ಈಗಿನ ಪ್ರಶ್ನೆ. ಓದಲು ಚೆನ್ನಾಗಿಲ್ಲ, ಆದರೆ ಕೇಳಿದವರಿಗೆ ಅರ್ಥವಾಗುತ್ತದೆ.

ಎರಡನೆಯದು ಭಯ. ಉಳಿದ ಕಡೆ ಸಮೀಕ್ಷೆ ಮಾಡಿದವರಿಗೆ ಇದು ಹೊಳೆಯುವುದಿಲ್ಲ. ವರ್ಜೀನಿಯಾ ಸೊಪ್ಪು ಬೆಳೆಯುವವರಿಗೆ ತಂಬಾಕು ಮಂಡಳಿಯ ಲೈಸೆನ್ಸ್ ಬೇಕು, ಎಷ್ಟು ಬೆಳೆಯಬಹುದೆಂಬ ಮಿತಿಯಿದೆ, ಮಾರುವುದು ಹರಾಜು ಕಟ್ಟೆಯಲ್ಲಿ. ಕೈಯಲ್ಲಿ ಟ್ಯಾಬ್ ಹಿಡಿದು ತಂಬಾಕಿನ ವಿಚಾರ ಕೇಳುವ ಯಾರೇ ಬಂದರೂ ಬೆಳೆ ನಿಲ್ಲಿಸಲು, ಇಲ್ಲವೇ ಮಿತಿ ಇಳಿಸಲು ಬಂದವರೆಂದೇ ಜನ ತಿಳಿಯುತ್ತಾರೆ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗದಲ್ಲಿ ಸೇದುವುದಕ್ಕೆ ನಿಷೇಧವಿರುವುದರಿಂದ ದಂಡದ ಅಂಜಿಕೆಯೂ ಸೇರಿಕೊಳ್ಳುತ್ತದೆ. ಹೀಗಾಗಿ ನೀವು ಕೇಳಿದ್ದು ಒಂದು ಬೀಡಿಯ ವಿಚಾರವಾದರೂ ಎದುರಿನವರು ಉತ್ತರ ಕೊಡುವುದು ತಮ್ಮ ಲೈಸೆನ್ಸಿನ ಪರವಾಗಿ. ಹೆಸರು ಬರೆದುಕೊಳ್ಳುವುದಿಲ್ಲವೆಂದು ಎಷ್ಟು ಹೇಳಿದರೂ ಅವರ ಕಣ್ಣು ಟ್ಯಾಬಿನ ಮೇಲೆಯೇ ಇರುತ್ತದೆ.

ಉತ್ತರವನ್ನು ಗಣತಿದಾರನಿಂದಲೂ ಮರೆಮಾಡಬೇಕು ಎಂಬ ತೀರ್ಮಾನಕ್ಕೆ ಬಂದದ್ದು ಹೀಗೆ. ಇದಕ್ಕೆ 1965ರಲ್ಲೇ ಸ್ಟ್ಯಾನ್ಲಿ ವಾರ್ನರ್ ಎಂಬ ಸಂಶೋಧಕರು ತೋರಿಸಿಕೊಟ್ಟ ದಾರಿಯಿದೆ. ಅದರ ಸರಳ ರೂಪವೊಂದನ್ನು ತೆಗೆದುಕೊಂಡೆವು. ಉತ್ತರಿಸುವವರು ನಮಗೆ ತೋರಿಸದೆ ನಾಣ್ಯ ಚಿಮ್ಮಬೇಕು, ರಾಜಮುದ್ರೆ ಬಿದ್ದರೆ ಸೇದಲಿ ಬಿಡಲಿ "ಹೌದು" ಎನ್ನಬೇಕು, ಅಂಕಿ ಬಿದ್ದರೆ ನಿಜ ಹೇಳಬೇಕು. 2023ರ ಫೆಬ್ರವರಿಯಲ್ಲಿ ಎರಡು ಊರುಗಳಲ್ಲಿ ಪ್ರಯೋಗಿಸಿದೆವು. ತರಬೇತಿಗೇ ಎರಡು ದಿನ ಹೋಯಿತು. ಇನ್ನೂರ ಹತ್ತು ಮಂದಿಯಲ್ಲಿ "ಹೌದು" ಎಂದವರು ತೊಂಬತ್ತಾರೋ ತೊಂಬತ್ತೇಳೋ. ಲೆಕ್ಕ ಬಲ್ಲವರಿಗೆ ಇಷ್ಟು ಸಾಕು: ಒಬ್ಬರೂ ಸೇದದಿದ್ದರೂ ನಾಣ್ಯದ ಕಾರಣಕ್ಕೇ ನೂರೈದು "ಹೌದು" ಬರಬೇಕಿತ್ತು. ಸೂತ್ರಕ್ಕೆ ಹಾಕಿದರೆ ಸೇದುವವರ ಪ್ರಮಾಣ ಸೊನ್ನೆಗಿಂತ ಕೆಳಗೆ, ಮೈನಸ್ ಎಂಟರ ಹತ್ತಿರ ಬಂತು. ಮೂವತ್ತು ಸಾವಿರ ರೂಪಾಯಿ ಅಲ್ಲಿಗೆ ಹೋಯಿತು. ಕಾರಣವನ್ನು ಒಬ್ಬ ಹಿರಿಯರು ನನ್ನೆದುರೇ ಹೇಳಿದರು: "ಮೇಷ್ಟ್ರೇ, ನಾನು ಹುಟ್ಟಿದಾಗಿನಿಂದ ಒಂದು ಬೀಡಿ ಮುಟ್ಟಿಲ್ಲ. ನಿಮ್ಮ ಕಾಸು ಮಗುಚಿ ಬಿತ್ತು ಅಂತ ನಾನ್ಯಾಕೆ ಸೇದ್ತೀನಿ ಅನ್ನಲಿ?" ಅವರ ಮಾತು ನ್ಯಾಯವಾಗಿತ್ತು. ಈ ವಿಧಾನ ಸೇದುವವನ ಮಾನ ಕಾಪಾಡುತ್ತದೆ, ಸೇದದವನ ಬಾಯಲ್ಲಿ ಸುಳ್ಳು ಹೇಳಿಸುತ್ತದೆ. ಜನ ಒಪ್ಪಿದ್ದರೂ ಸಾಮಾನ್ಯ ಪ್ರಶ್ನೆಗಿಂತ ನಾಲ್ಕೈದು ಪಟ್ಟು ಹೆಚ್ಚು ಮಂದಿಯನ್ನು ಕೇಳಬೇಕಾಗುತ್ತಿತ್ತು, ಅದಕ್ಕೆ ನಮ್ಮಲ್ಲಿ ಹಣವಿರಲಿಲ್ಲ.

ಈ ನಡುವೆ, ನಾಣ್ಯದ ಬದಲು ಚೌಕಾಬಾರ ಆಡುವ ಕವಡೆ ಕೊಟ್ಟರೆ ಜನಕ್ಕೆ ಪರಿಚಯದ ವಸ್ತುವಾಗುತ್ತದೆಂದು ಯೋಚಿಸಿ ಮನೆಯಲ್ಲಿ ಕವಡೆಗಳನ್ನು ಪರೀಕ್ಷಿಸಿದ್ದೂ ಉಂಟು. ನಾಲ್ಕು ಕವಡೆಗಳನ್ನು ಒಂದೊಂದಾಗಿ ಐನೂರೈನೂರು ಸಲ ಚಾಪೆಯ ಮೇಲೆ ಎಸೆದು ಬರೆದಿಟ್ಟೆ, ನನ್ನ ಮಗಳು ಅರ್ಧ ಎಸೆದಳು. ಬಾಯಿ ಮೇಲಾಗಿ ಬೀಳುವುದು ಯಾವ ಕವಡೆಯಲ್ಲೂ ಸರಿಯಾಗಿ ಅರ್ಧ ಆಗಲಿಲ್ಲ. ಅದಕ್ಕಿಂತ ಮುಖ್ಯವಾಗಿ ಒಂದರಂತೆ ಇನ್ನೊಂದು ಬೀಳಲಿಲ್ಲ. ಚಾಪೆಯ ಬದಲು ಸಿಮೆಂಟು ನೆಲದ ಮೇಲೆ ಎಸೆದರೆ ಲೆಕ್ಕ ಮತ್ತೆ ಬೇರೆಯಾಯಿತು. ಹುಣಸೆ ಬೀಜ ಉಜ್ಜಿ ಮಾಡಿದ ಪಗಡೆಯೂ ಹಾಗೆಯೇ. ಪ್ರತಿಯೊಂದು ಕವಡೆಗೂ ಅದರದೇ ಸಂಭವನೀಯತೆ ಬರೆದು ಅಂಟಿಸಿಕೊಂಡು ಊರೂರು ತಿರುಗುವುದು ಆಗದ ಕೆಲಸವೆಂದು ಕೈಬಿಟ್ಟೆ. ಆದರೆ ಕವಡೆ, ಬೀಜ ಎಂದು ಕೈಯಾಡಿಸುತ್ತಿದ್ದಾಗಲೇ ಕಾಳಿನ ಯೋಚನೆ ಬಂತು.

ಯೋಚನೆ ಹೀಗಿತ್ತು. ಪ್ರತಿಯೊಬ್ಬರಿಗೂ ಎರಡು ಬಣ್ಣದ ಒಂದೊಂದು ಕಾಳು ಕೊಡಬೇಕು. ಎರಡು ಚೀಲ ಇರಬೇಕು, ಒಂದು ಎಣಿಕೆಯದು, ಇನ್ನೊಂದು ಉಳಿಕೆಯದು. ಸೇದುವವರು ಒಂದು ಬಣ್ಣದ ಕಾಳನ್ನು, ಸೇದದವರು ಇನ್ನೊಂದನ್ನು ಎಣಿಕೆ ಚೀಲಕ್ಕೆ ಹಾಕಬೇಕು, ಕೈಯಲ್ಲಿ ಉಳಿದದ್ದನ್ನು ಉಳಿಕೆ ಚೀಲಕ್ಕೆ ಹಾಕಬೇಕು. ಮುಷ್ಟಿ ಒಳಗೆ ಹೋಗಿ ಬರಿದಾಗಿ ಹೊರಗೆ ಬರುತ್ತದೆ, ಗಣತಿದಾರನಿಗಾಗಲಿ, ಬಾಗಿಲಲ್ಲಿ ನಿಂತ ಹೆಂಡತಿಗಾಗಲಿ ಏನೂ ಕಾಣುವುದಿಲ್ಲ. ಯಾರೂ ಸುಳ್ಳು ಹೇಳಬೇಕಿಲ್ಲ, ಬಾಯಿ ತೆರೆಯುವುದೂ ಬೇಕಿಲ್ಲ. ಸಂಜೆ ಚೀಲ ಸುರಿದು ಎಣಿಸಿದರೆ ಊರಿನ ಅಂಕಿ ಸಿಗುತ್ತದೆ. ಇದನ್ನು ಸಭೆಯೊಂದರಲ್ಲಿ ಮಂಡಿಸಿದಾಗ ಸಮುದಾಯ ವೈದ್ಯಕೀಯದ ಹಿರಿಯ ಪ್ರಾಧ್ಯಾಪಕರೊಬ್ಬರು, ಯಾರು ಏನು ಹಾಕಿದರೆಂದು ಗೊತ್ತಾಗದಿದ್ದರೆ ವಯಸ್ಸು, ಓದು, ಕಸುಬು ಯಾವುದಕ್ಕೂ ಹೊಂದಿಸಿ ನೋಡಲಾಗದು, ಇದು ಸಮೀಕ್ಷೆಯೇ ಅಲ್ಲ ಎಂದರು. ಜನ ಕಾಳನ್ನು ಮನಬಂದಂತೆ ಹಾಕುತ್ತಾರೆ ಎಂದು ಇನ್ನೊಬ್ಬರು ಹೇಳಿದರು. ಮೊದಲನೆಯದಕ್ಕೆ ನನ್ನ ಉತ್ತರ ಸರಳವಾಗಿತ್ತು: ನನಗೆ ಬೇಕಾದದ್ದು ಊರಿನ ಪ್ರಮಾಣ, ಒಬ್ಬೊಬ್ಬರ ಕಥೆಯಲ್ಲ. ಎರಡನೆಯದಕ್ಕೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲ ಪ್ರಯೋಗ ನಮ್ಮ ಬಡಾವಣೆಯಲ್ಲೇ ನಡೆಯಿತು. ಮಣ್ಣಿನ ಗಡಿಗೆ, ಅವರೆಕಾಳು, ಹುರುಳಿಕಾಳು ತೆಗೆದುಕೊಂಡಿದ್ದೆ. ಐದನೆಯವರ ಸರದಿಯಲ್ಲೇ ಕೆಟ್ಟಿತು. ಅವರೆ ಬಿದ್ದರೆ "ಟಕ್" ಎಂದು ದಪ್ಪ ಸದ್ದು, ಹುರುಳಿ ಬಿದ್ದರೆ ಸಣ್ಣ ಸದ್ದು. ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು "ಮಾವ ಅವರೆ ಹಾಕ್ದ" ಎಂದು ಕೂಗಿಬಿಟ್ಟಳು. ಗಡಿಗೆ ಬಿಟ್ಟು ಬಟ್ಟೆ ಚೀಲಕ್ಕೆ ಬಂದೆ. ಕಾಳಿಗೆ ಒಂದೇ ಗಾತ್ರದ ಬಿಳಿ ಅಲಸಂದೆ, ಕೆಂಪು ಅಲಸಂದೆ ಆರಿಸಿದೆ, ಇವು ಬೆರಳಿಗೂ ಒಂದೇ, ಸದ್ದಿಗೂ ಒಂದೇ. ಚೀಲ ದಪ್ಪ ಕೋರಾ ಬಟ್ಟೆಯದು, ಮೊಣಕೈವರೆಗೆ ಕೈ ಇಳಿಯುವಷ್ಟು ಆಳದ್ದು, ತಳದಲ್ಲಿ ಒಂದು ಹಿಡಿ ಭತ್ತದ ಹೊಟ್ಟು. ಎಂಟು ಚೀಲ, ಎರಡು ಕಿಲೋ ಕಾಳು, ದರ್ಜಿಯ ಕೂಲಿ ಎಲ್ಲ ಸೇರಿ ಒಂದೂವರೆ ಸಾವಿರ ದಾಟಲಿಲ್ಲ. ಎರಡು ಸುತ್ತಿನಲ್ಲಿ ಲಕ್ಷಕ್ಕೂ ಮಿಕ್ಕಿ ಸುರಿದು ಸಿಗದಿದ್ದದ್ದು ಈ ಒಂದೂವರೆ ಸಾವಿರದ ಸಾಮಾನಿನಲ್ಲಿ ಸಿಕ್ಕಿತೆಂದು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಅಂದಹಾಗೆ, ಕಾಳನ್ನು ಚೆನ್ನಾಗಿ ಬಿಸಿಲಿಗೆ ಹಾಕಿ ಬೇವಿನ ಎಲೆಯ ಜೊತೆ ಇಡಿ. ನಮ್ಮ ಮೊದಲ ಒಂದು ಕಿಲೋ ಎರಡು ತಿಂಗಳಲ್ಲಿ ಹುಳು ಹಿಡಿದು, ತೂತು ಬಿದ್ದ ಕಾಳು ಬೆರಳಿಗೆ ಬೇರೆಯಾಗಿ ತಿಳಿಯತೊಡಗಿತು.

ಚೀಲಗಳನ್ನು ನಾಲ್ಕು ಜೋಡಿ ಮಾಡಿದ್ದು ನಲವತ್ತರ ಒಳಗಿನ ಗಂಡಸರು, ಮೇಲಿನ ಗಂಡಸರು, ಹಾಗೆಯೇ ಹೆಂಗಸರು ಎಂಬ ವಿಂಗಡಣೆಗೆ. ಅಂಚಿನ ಬಟ್ಟೆಯ ಬಣ್ಣ ಬೇರೆ ಬೇರೆ, ಅದನ್ನು ಜನಕ್ಕೆ ಬಿಡಿಸಿ ಹೇಳುತ್ತಿದ್ದೆವು. ವಯಸ್ಕರೆಂದರೆ 18 ಮೇಲ್ಪಟ್ಟವರು ಎಂದು ಇಟ್ಟುಕೊಂಡೆ. 15ರಿಂದ ಹಿಡಿದರೆ ರಾಜ್ಯದ ಅಂಕಿಗೆ ನೇರವಾಗಿ ಹೋಲಿಸಬಹುದಿತ್ತು, ಆದರೆ ಚಿಕ್ಕವರಿಗೆ ಹೆತ್ತವರ ಒಪ್ಪಿಗೆ ಬೇಕು. ಅಪ್ಪನ ಸಹಿ ಕೇಳಿಕೊಂಡು ಮಗನಿಗೆ ಬೀಡಿಯ ಕಾಳು ಕೊಟ್ಟರೆ ಗುಟ್ಟು ಎಲ್ಲಿ ಉಳಿಯುತ್ತದೆ?

ಕೆಂಪು ಕಾಳು ಎಂದರೆ ಕೆಟ್ಟದ್ದು ಎಂಬ ಭಾವನೆ ಬರಬಹುದೆಂದು ಅರ್ಧ ಊರುಗಳಲ್ಲಿ ಕೆಂಪನ್ನು ಸೇದುವವರಿಗೆ, ಇನ್ನರ್ಧದಲ್ಲಿ ಬಿಳಿಯನ್ನು ಸೇದುವವರಿಗೆ ಇಟ್ಟೆ. ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಮನಬಂದಂತೆ ಹಾಕಿದ್ದರೆ ಎರಡೂ ಬಣ್ಣ ಅರ್ಧರ್ಧದ ಕಡೆಗೆ ಎಳೆಯಬೇಕಿತ್ತು. ಅದರಲ್ಲೂ ಹೆಂಗಸರ ಚೀಲಗಳಲ್ಲಿ ಸೇದುವವರ ಕಾಳು ಬೆರಳೆಣಿಕೆಯಷ್ಟೇ ಇದ್ದುದು, ಜನ ಹೇಳಿದ್ದನ್ನು ತಿಳಿದುಕೊಂಡೇ ಹಾಕಿದ್ದಾರೆ ಎಂಬುದಕ್ಕೆ ನನಗೆ ಸಿಕ್ಕ ಉತ್ತರ. ಕಣ್ಣಿಗೆ ಪೊರೆ ಬಂದ ಮುದುಕರಿಗೆ ಬಣ್ಣ ತಿಳಿಯದೆ ಮೊದಮೊದಲು ತೊಂದರೆಯಾಯಿತು. ಅವರಿಗೆ ಕೆಂಪನ್ನು ಬಲಗೈಗೆ, ಬಿಳಿಯನ್ನು ಎಡಗೈಗೆ ಕೊಟ್ಟು ಕೈಯ ಗುರುತಿನ ಮೇಲೆ ಹಾಕಿಸಿದೆವು.

ಚೀಲ ಬರಿದಾಗಿದ್ದರೆ ಮೊದಲು ಹಾಕುವವರಿಗೆ ಧೈರ್ಯ ಬರುವುದಿಲ್ಲ, ಬಿಚ್ಚಿ ನೋಡಿದರೆ ತಮ್ಮದೇ ಎಂದು ಗೊತ್ತಾಗುತ್ತದಲ್ಲ ಎಂಬ ಅಳುಕು. ಆದ್ದರಿಂದ ಊರಿಗೆ ಹೋಗುವ ಮುನ್ನವೇ ಎರಡೂ ಚೀಲಗಳಲ್ಲಿ ಎರಡೂ ಬಣ್ಣದ ಕಾಳು ಸ್ವಲ್ಪ ಹಾಕಿಟ್ಟಿರುತ್ತೇವೆ, ಕೊನೆಗೆ ಅಷ್ಟನ್ನು ಕಳೆಯುತ್ತೇವೆ. ಎಷ್ಟು ಹಾಕುತ್ತೇವೆ, ಅದನ್ನು ಗಣತಿದಾರರಿಗೆ ತಿಳಿಯದಂತೆ ಯಾರು ಹೇಗೆ ಬರೆದಿಡುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಸುತ್ತು ಅದೇ ಗಣತಿದಾರರದು. ಚೀಲದ ಬಾಯನ್ನು ಒಂದು ಸಲಕ್ಕೆ ಒಂದೇ ಕಾಳು ಬೀಳುವ ಹಾಗೆ ಹೊಲಿಸಿದ ಬಗೆಯನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದು ನಾಲ್ಕು ಸಲ ಬಿಚ್ಚಿ ಹೊಲಿದು ಕಂಡುಕೊಂಡದ್ದು. ಉಳಿಕೆ ಚೀಲದ ಉಪಯೋಗವನ್ನು ಮಾತ್ರ ಒತ್ತಿ ಹೇಳುತ್ತೇನೆ. ಎರಡೂ ಚೀಲದ ಕೆಂಪು ಕೂಡಿಸಿದರೆ ಹಾಕಿದ ಜನರಷ್ಟೇ ಆಗಬೇಕು, ಬಿಳಿ ಕೂಡಿಸಿದರೂ ಅಷ್ಟೇ. ಖಾತೆಯ ಜಮಾ ಖರ್ಚಿನಂತೆ ಎರಡು ಕಡೆ ತಾಳೆಯಾಗಬೇಕು. ಒಂದು ಊರಿನಲ್ಲಿ ಆರು ಕಾಳು ತಾಳೆಯಾಗದೆ ಆ ಜೋಡಿಯ ಲೆಕ್ಕವನ್ನೇ ಬಿಟ್ಟು ಮತ್ತೆ ಹೋಗಿ ಮಾಡಿದೆವು.

ಅಸಲು ಸುತ್ತು ನಡೆದದ್ದು 2024ರ ಜನವರಿಯಿಂದ ಮಾರ್ಚ್‌ವರೆಗೆ, ಹೊಲದ ಕೆಲಸ ತಗ್ಗಿದ ಮೇಲೆ. ಪಟ್ಟಿಯಲ್ಲಿದ್ದ ಎರಡು ಸಾವಿರದ ನೂರು ಮಂದಿಯಲ್ಲಿ ಸಾವಿರದ ಎಂಟುನೂರ ಐವತ್ತರಷ್ಟು ಮಂದಿ ಕಾಳು ಹಾಕಿದರು. ಮನೆಯಲ್ಲಿ ಸಿಗದ ಗಂಡಸರನ್ನು ಹಿಡಿಯಲು ಹಾಲಿನ ಡೈರಿಯೇ ಸರಿಯಾದ ಜಾಗ, ಬೆಳಗ್ಗೆ ಆರಕ್ಕೂ ಸಂಜೆ ಆರಕ್ಕೂ ಕ್ಯಾನು ಹಿಡಿದು ಬಂದೇ ಬರುತ್ತಾರೆ. ಆದರೆ ಅಲ್ಲಿ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಕಾಳು ಕೊಡಬೇಕು, ಕುತೂಹಲಕ್ಕೆ ಬಂದವರಿಗೆಲ್ಲ ಕೊಟ್ಟರೆ ಮಾದರಿ ಕೆಡುತ್ತದೆ. ಒಟ್ಟು ಖರ್ಚು ಒಂದು ಲಕ್ಷದ ನಲವತ್ತು ಸಾವಿರ, ತಲೆಗೆ ಎಪ್ಪತ್ತೈದು ರೂಪಾಯಿ. ಗಂಡಸರಲ್ಲಿ ನೂರಕ್ಕೆ ಇಪ್ಪತ್ತೆರಡು ಇಪ್ಪತ್ತಮೂರು ಮಂದಿ ಸೇದುವವರೆಂದು ಬಂತು, ಊರು ಊರಿಗೆ ಇರುವ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದರೆ ಆಚೀಚೆ ನಾಲ್ಕು. ಹೆಂಗಸರಲ್ಲಿ ನೂರಕ್ಕೆ ಇಬ್ಬರು, ಬಹುತೇಕ ನಲವತ್ತು ದಾಟಿದವರ ಚೀಲದಲ್ಲಿ. ಅದೇ ಊರುಗಳ ನಾಲ್ಕರಲ್ಲಿ, ಹೊಸ ಪ್ರಶ್ನೆಯನ್ನೇ ಇಟ್ಟುಕೊಂಡು, ಗಂಡಸರನ್ನೇ ಸಂಜೆ ಹೊತ್ತು ಒಬ್ಬೊಬ್ಬರಾಗಿ ಕೂರಿಸಿ ಬಾಯಲ್ಲಿ ಕೇಳಿದಾಗ ಬಂದದ್ದು ನೂರಕ್ಕೆ ಹದಿನಾಲ್ಕು. ಪದ ಸರಿಮಾಡಿದ್ದರಿಂದ ಒಂದಷ್ಟು ಏರಿತ್ತು, ಉಳಿದದ್ದು ಚೀಲದಿಂದ ಹೊರಗೆ ಬಂತು.

ಇಷ್ಟಾದರೂ ಕಾಳು ನಿಜವನ್ನೇ ಹೇಳುತ್ತಿದೆ ಎಂಬುದಕ್ಕೆ ಹೊರಗಿನ ಸಾಕ್ಷಿ ಬೇಕಿತ್ತು. ನಿಕೋಟಿನ್ ಮೈಯೊಳಗೆ ಹೋಗಿ ಮಾರ್ಪಟ್ಟು ಉಂಟಾಗುವ ಕೋಟಿನಿನ್ ಎಂಬುದನ್ನು ಉಗುಳಿನಲ್ಲಿ ನೋಡುವ ಪರೀಕ್ಷಾಪಟ್ಟಿ ತರಿಸಿದರೆ ಆಗುತ್ತದೆಂದು ಕೆಲವರು ಸೂಚಿಸಿದರು. ನಮ್ಮ ಸೀಮೆಗೆ ಅದು ಕೆಲಸಕ್ಕೆ ಬಾರದು. ಕಡ್ಡಿಪುಡಿ, ಅಂದರೆ ಜಗಿಯುವ ಹೊಗೆಸೊಪ್ಪು, ಹಾಕುವವರಲ್ಲೂ ಅದು ಬರುತ್ತದೆ, ಹಸಿ ಸೊಪ್ಪು ಮುರಿಯುವ ಕೈಗಳ ಚರ್ಮದಿಂದಲೂ ನಿಕೋಟಿನ್ ಒಳಗೆ ಇಳಿಯುತ್ತದೆ. ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಯಂತ್ರವೇ ಸರಿ, ಏಕೆಂದರೆ ಅದು ಸುಟ್ಟದ್ದನ್ನು ಮಾತ್ರ ಹಿಡಿಯುತ್ತದೆ. ಕೊಳ್ಳಲು ಹೋದರೆ ನಮ್ಮ ಬಜೆಟ್ಟಿನ ಅರ್ಧ ಹೋಗುತ್ತಿತ್ತು. ಹನ್ನೆರಡು ದಿನಕ್ಕೆ ಬಾಡಿಗೆಗೆ ತಂದೆ, ಬಾಯಿಕೊಳವೆಗಳೂ ಸೇರಿ ಹದಿಮೂರು ಸಾವಿರದಷ್ಟಾಯಿತು. ಮೂರು ಊರುಗಳಲ್ಲಿ ಒಪ್ಪಿದ ನೂರ ಎಂಬತ್ತು ಗಂಡಸರು ಊದಿದರು.

ಇಲ್ಲೊಂದು ಎಚ್ಚರಿಕೆ. ಸುಟ್ಟದ್ದನ್ನು ಹಿಡಿಯುತ್ತದೆ ಎಂದರೆ ಸೌದೆಯನ್ನೂ ಹಿಡಿಯುತ್ತದೆ. ಯಂತ್ರವನ್ನು ಪರಿಚಯಿಸಿಕೊಳ್ಳಲೆಂದು ಅದಕ್ಕೂ ಹಿಂದೆ, ಹದ ಮಾಡುವ ಕಾಲದಲ್ಲಿ ಒಂದು ದಿನದ ಮಟ್ಟಿಗೆ ತರಿಸಿದ್ದೆ. ಬೀಡಿ ಮುಟ್ಟದ ನಾನೇ ಊದಿದಾಗ ಎರಡು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಎರಡು ಭಾಗ, ಇತ್ತು. ಸ್ನೇಹಿತರ ಬ್ಯಾರನ್ನಿನ ಒಲೆಯ ಬಾಯಿಗೆ ಒಂದು ಗಂಟೆ ಕುಳಿತು, ಅವರ ಜೊತೆ ಸೌದೆ ತಳ್ಳಿ ಬಂದು ಊದಿದರೆ ಏಳೋ ಎಂಟೋ ತೋರಿಸಿತು. ಸೌದೆ ಒಲೆಯ ಮುಂದಿನಿಂದ ಎದ್ದು ಬಂದ ಅವರ ಮನೆಯ ಅಮ್ಮನವರದೂ ಹೆಚ್ಚುಕಡಿಮೆ ಅಷ್ಟೇ. ಸೇದುವವರನ್ನು ಬೇರ್ಪಡಿಸಲು ಸಾಮಾನ್ಯವಾಗಿ ಇಡುವ ಗೆರೆ ಆರರಿಂದ ಹತ್ತರ ನಡುವೆ ಇರುವುದರಿಂದ, ಇದನ್ನು ನೋಡಿಕೊಳ್ಳದೆ ಹೋಗಿದ್ದರೆ ಒಲೆ ಊದುವ ಹೆಂಗಸರೆಲ್ಲ ನಮ್ಮ ಪಟ್ಟಿಯಲ್ಲಿ ಬೀಡಿ ಸೇದುವವರಾಗಿ ಸೇರಿಬಿಡುತ್ತಿದ್ದರು. ಬೆಳಗಿನ ಜಾವ ಒಲೆ ಹಚ್ಚುವ ಮುನ್ನ ಅಳೆದರೆ ಸೇದುವವರ ಅಂಕಿಯೂ ರಾತ್ರಿಯಲ್ಲಿ ಇಳಿದುಹೋಗಿರುತ್ತದೆ, ರಕ್ತದಲ್ಲಿ ಅದು ನಾಲ್ಕೈದು ಗಂಟೆಗೊಮ್ಮೆ ಅರ್ಧಕ್ಕೆ ಬರುವಂಥದ್ದು. ಕೊನೆಗೆ ಹೊಲದಿಂದ ಬಂದ ಮೇಲೆ, ಸಂಜೆಯ ಒಲೆ ಹಚ್ಚುವ ಮುನ್ನ ಎಂದು ಹೊತ್ತು ಗೊತ್ತುಮಾಡಿ, ಗೆರೆಯನ್ನು ಹತ್ತಕ್ಕೆ ಇಟ್ಟೆ. ನೂರಕ್ಕೆ ಹತ್ತೊಂಬತ್ತು ಇಪ್ಪತ್ತರಷ್ಟು ಮಂದಿ ಗೆರೆ ದಾಟಿದರು. ವಾರಕ್ಕೊಂದೆರಡು ಸೇದುವವರು ಯಂತ್ರಕ್ಕೆ ಸಿಗುವುದಿಲ್ಲವಾದ್ದರಿಂದ ಕಾಳಿನ ಇಪ್ಪತ್ತೆರಡಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಬಾಯಲ್ಲಿ ಹೇಳಿದ ಹದಿನಾಲ್ಕಕ್ಕೆ ಹೊಂದುವುದಿಲ್ಲ.

ಅಂಗಡಿಯ ಕಡೆಯಿಂದಲೂ ಒಮ್ಮೆ ಎಣಿಸಿ ನೋಡಿದೆ. ಪೆಟ್ಟಿ ಅಂಗಡಿಯವರೊಬ್ಬರು, ನನ್ನ ಮೇಲಿನ ವಿಶ್ವಾಸದಿಂದ, ಒಂದು ತಿಂಗಳು ಎಷ್ಟು ಕಟ್ಟು ಬೀಡಿ ತರಿಸಿದರು, ಎಷ್ಟು ಉಳಿಯಿತು ಎಂದು ಬರೆದಿಟ್ಟುಕೊಟ್ಟರು. ಊರಿನಲ್ಲಿ ಬಾಯಲ್ಲಿ ಒಪ್ಪಿಕೊಂಡವರು ಹೇಳಿದ ಲೆಕ್ಕಕ್ಕಿಂತ ಮಾರಾಟ ದುಪ್ಪಟ್ಟಿಗೆ ಹತ್ತಿರವಿತ್ತು. ಪಕ್ಕದೂರಿನವರೂ ಕೊಳ್ಳುತ್ತಾರೆ, ಊರಿನವರೂ ಪೇಟೆಯಿಂದ ತರುತ್ತಾರೆ, ಆದ್ದರಿಂದ ಇದನ್ನು ಗಟ್ಟಿ ಲೆಕ್ಕವೆಂದು ನಾನು ಹೇಳುವುದಿಲ್ಲ. ಅರಳಿಕಟ್ಟೆಯ ಸುತ್ತ ಬಿದ್ದ ಮೋಟುಗಳನ್ನು ಒಂದು ವಾರ ಬೆಳಗ್ಗೆ ಎಣಿಸುವ ಪ್ರಯತ್ನವನ್ನೂ ಮಾಡಿದೆ. ಮೂರನೆಯ ದಿನ ನಾನು ಹೋಗುವಷ್ಟರಲ್ಲಿ ಕಟ್ಟೆ ಗುಡಿಸಿ ನೀರು ಹಾಕಿಯಾಗಿತ್ತು, ಐದನೆಯ ದಿನ ಮಳೆ ಬಂತು. ಅಲ್ಲಿಗೆ ನಿಲ್ಲಿಸಿದೆ.

ಪ್ರಾಧ್ಯಾಪಕರು ಎತ್ತಿದ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ ಎಂಬುದನ್ನು ಒಪ್ಪುತ್ತೇನೆ. ದಿನಕ್ಕೆ ಎಷ್ಟು ಬೀಡಿ, ಎಷ್ಟನೆಯ ವಯಸ್ಸಿಗೆ ಶುರು, ಬಿಡಲು ಮನಸ್ಸಿದೆಯೇ ಎಂಬುದು ಕಾಳಿನಲ್ಲಿ ಬರುವುದಿಲ್ಲ. ಆದರೆ ಒಂದು ಸಂಗತಿ ನಾನು ಎಣಿಸಿರಲಿಲ್ಲ. ಕಾಳು ಹಾಕಿ ಕೈ ಹೊರಗೆ ತೆಗೆದ ಮೇಲೆ ಎಷ್ಟೋ ಗಂಡಸರು ತಾವಾಗಿಯೇ ಮಾತಿಗೆ ನಿಂತರು. ಒಬ್ಬರು ಡೈರಿಯ ಮುಂದೆ ಕ್ಯಾನನ್ನು ಕೆಳಗಿಟ್ಟು, "ದಿನಕ್ಕೆ ಒಂದೂವರೆ ಕಟ್ಟು ಆಗುತ್ತೆ ಮೇಷ್ಟ್ರೇ, ಬಿಡಿಸೋಕೆ ಏನಾದ್ರೂ ಕೊಡ್ತೀರಾ?" ಎಂದು ಕೇಳಿದರು. ಮೊದಲ ಸುತ್ತಿನಲ್ಲಿ ಅದೇ ಮನೆಯ ಉತ್ತರಗಳಲ್ಲಿ ಅವರ ಸಾಲಿನಲ್ಲಿ "ಇಲ್ಲ" ಎಂದಿತ್ತು. ಅಂಥವರನ್ನು ಬೇರೆ ಪುಸ್ತಕದಲ್ಲಿ, ಅವರ ಒಪ್ಪಿಗೆಯ ಮೇಲೆ, ಬರೆದುಕೊಂಡೆವು. ಮೂರು ತಿಂಗಳಲ್ಲಿ ಅರವತ್ತಕ್ಕೂ ಹೆಚ್ಚು ಹೆಸರುಗಳಾದವು.

ಎಣಿಸುವುದನ್ನು ಪ್ರತಿ ಊರಿನಲ್ಲೂ ಜನರ ಎದುರಿಗೇ ಮಾಡಿದೆವು. ಕೊನೆಯ ಊರಿನಲ್ಲಿ ಅಂಗನವಾಡಿಯ ಜಗಲಿಯ ಮೇಲೆ ಮೊರ ಇಟ್ಟು ಚೀಲ ಸುರಿದಾಗ ಕತ್ತಲಾಗುತ್ತಿತ್ತು. ಊರಿನ ಅವ್ವ ಒಬ್ಬರು ನಮ್ಮ ಹುಡುಗರ ಕೈಯಿಂದ ಮೊರ ತೆಗೆದುಕೊಂಡು, ಎರಡು ಸಲ ಕೇರಿ ಹೊಟ್ಟು ಹಾರಿಸಿ, ಕೆಂಪನ್ನು ಒಂದು ಕಡೆ, ಬಿಳಿಯನ್ನು ಒಂದು ಕಡೆ ಬೆರಳಿನಲ್ಲಿ ಸರಿಸುತ್ತ ಹತ್ತು ಹತ್ತರ ಗುಡ್ಡೆ ಮಾಡಿದರು. ಸುತ್ತ ನಿಂತವರು ಮೊಬೈಲಿನ ಬೆಳಕು ಹಿಡಿದಿದ್ದರು. ಸೇದುವವರ ಕಾಳಿನ ಗುಡ್ಡೆಗಳು ತಾವು ಎಣಿಸಿದ್ದಕ್ಕಿಂತ ಹೆಚ್ಚಾಗುತ್ತ ಹೋದಂತೆ ಮಾತು ನಿಂತಿತು. ಯಾರದ್ದೆಂದು ಯಾರೂ ಕೇಳಲಿಲ್ಲ.

ಆ ಹಾಳೆಗಳನ್ನೂ ಯಂತ್ರದ ಅಂಕಿಗಳನ್ನೂ ಜೊತೆಗಿಟ್ಟು ಅರ್ಜಿಯನ್ನು ಮತ್ತೆ ಹಾಕಿದೆವು. ಈ ಸಲ ಯಾರಿಗೆ ಎಂಬ ಪ್ರಶ್ನೆ ಬರಲಿಲ್ಲ. ಕೇಂದ್ರವೀಗ ವಾರಕ್ಕೆ ಎರಡು ಸಂಜೆ, ಡೈರಿಯ ಪಕ್ಕದ ಕೋಣೆಯಲ್ಲಿ ನಡೆಯುತ್ತಿದೆ. ಎರಡು ವರ್ಷ ಕಳೆದ ಮೇಲೆ ಅದೇ ಹದಿನಾಲ್ಕು ಊರುಗಳಿಗೆ ಅವೇ ಚೀಲಗಳನ್ನು ಹೊತ್ತುಕೊಂಡು ಹೋಗಬೇಕೆಂದಿದ್ದೇನೆ. ಕಡ್ಡಿಪುಡಿಗೆ ಬೇರೆ ಚೀಲ ಮಾಡಬೇಕು, ಮೂರನೆಯ ಬಣ್ಣದ ಕಾಳನ್ನು ಹುಡುಕುತ್ತಿದ್ದೇನೆ. ಕಪ್ಪು ಅಲಸಂದೆ ಸಿಕ್ಕಿದೆ, ಆದರೆ ಗಾತ್ರದಲ್ಲಿ ತುಸು ಸಣ್ಣದು, ಬೆರಳಿಗೆ ತಿಳಿದುಬಿಡುತ್ತದೆ.